ನಿಂತುಹೋಗಿದ್ದ ನುಡಿ–ಯುನಿಕೋಡ್ ಲೈಬ್ರರಿಯನ್ನು ಮತ್ತೆ ನಡೆಸಿದ್ದು: ಕೊಡಗಿನ ಮಾದಾಪುರದ ಮಳೆಗಾಲದ ಲಾಗ್

ದೊಡ್ಡಪ್ಪ 2004ರಿಂದ 2019ರವರೆಗೆ ತೋಟದ ಮಳೆ ಡೈರಿಯನ್ನು ಕಂಪ್ಯೂಟರಿನಲ್ಲಿ ಬರೆದರು. ನುಡಿ ಫಾಂಟ್, ವರ್ಷಕ್ಕೊಂದು ಫೈಲ್, ದಿನಕ್ಕೊಂದು ಸಾಲು. ತಾರೀಕು, ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಮಳೆ, ಕೊನೆಗೆ ಒಂದು ಮಾತು. ಹೂಮಳೆ ಬಂತು. ಬೇಲಿ ಮುರಿದು ಆನೆ ಒಳಗೆ ಬಂದಿತ್ತು. ಕೆಲಸಕ್ಕೆ ನಾಲ್ಕೇ ಜನ.

ಈಗ ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಫೋನ್ ಓದಿ ಹೇಳುತ್ತದಲ್ಲ, ನನ್ನ ಡೈರಿಯನ್ನೂ ಓದಿಸು ಎಂದು ಮೇ ತಿಂಗಳಲ್ಲಿ ಕೇಳಿದರು. ಆದರೆ ಹಳೇ ನುಡಿ ಫೈಲಿನ ಒಳಗಿರುವುದು ಕನ್ನಡ ಅಕ್ಷರ ಅಲ್ಲ. ಫೈಲಿನಲ್ಲಿ ಇಂಗ್ಲಿಷಿನ ದೊಡ್ಡ ಸಿ ಇದ್ದರೆ ಫಾಂಟ್ ಅದನ್ನು ‘ಅ’ ಎಂದು ತೋರಿಸುತ್ತದೆ, ಅಷ್ಟೇ. ಫೋನ್ ಓದುವಾಗ ‘ಸಿ’ ಎಂದೇ ಓದುತ್ತದೆ. ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯುನಿಕೋಡಿಗೆ ಬದಲಾಯಿಸದೆ ಬೇರೆ ದಾರಿ ಇರಲಿಲ್ಲ.

ಬದಲಾಯಿಸಲು ಬೇರೆ ಸಾಧನಗಳೂ ಇವೆ. ನನಗೆ ಬೇಕಿದ್ದದ್ದು ಪೈಥಾನ್ ಸ್ಕ್ರಿಪ್ಟಿನೊಳಗೆ ಕೂರುವಂಥದ್ದು. ಅಂಥ ಒಂದು ಪುಟ್ಟ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳಲ್ಲಿ ಬಳಸಬಹುದಾದ ಸಿದ್ಧ ಕೋಡ್, ಸಿಕ್ಕಿತು. ಸುಮಾರು 900 ಸಾಲು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಎಂಐಟಿ ಲೈಸೆನ್ಸ್, ಕೊನೆಯ ಬಿಡುಗಡೆ 2015ರಲ್ಲಿ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಆರ್ಕೈವ್, ಅಂದರೆ ಓದಲು ಮಾತ್ರ, ಎಂಬ ಹಳದಿ ಪಟ್ಟಿ ಬಿದ್ದಿತ್ತು. ಅದನ್ನು ಮೂವರು ಸೇರಿ ಹೇಗೆ ವಹಿಸಿಕೊಂಡೆವು, ಎಲ್ಲೆಲ್ಲಿ ಎಡವಿದೆವು ಎಂಬುದನ್ನು ಕ್ರಮವಾಗಿ ಬರೆದಿಟ್ಟಿದ್ದೇನೆ.

1. ಜೂನ್ 8: ಏನೇನು ಕೆಟ್ಟಿದೆ ಎಂದು ನೋಡಿದ್ದು

ಲ್ಯಾಪ್‌ಟಾಪಿನಲ್ಲಿ ಪೈಥಾನ್ 3.12 ಇತ್ತು. ಸೆಟಪ್ ಫೈಲನ್ನು ನೇರವಾಗಿ ಓಡಿಸಿದರೆ ಇನ್‌ಸ್ಟಾಲ್‌ಗೆ ಬೇಕಾದ ಡಿಸ್ಟ್‌ಯುಟಿಲ್ಸ್ ಇಲ್ಲ ಎಂದು ನಿಂತಿತು. 3.12ರಿಂದ ಅದನ್ನು ಪೈಥಾನ್‌ನಿಂದಲೇ ತೆಗೆದಿದ್ದಾರೆ. ಅದನ್ನು ದಾಟಿಸಿದರೆ ಪ್ರಿಂಟ್ ಸಾಲಿನಲ್ಲಿ ಸಿಂಟ್ಯಾಕ್ಸ್ ತಪ್ಪು. ಇಡೀ ಕೋಡ್ ಪೈಥಾನ್ 2.7ಕ್ಕೆ ಬರೆದದ್ದು. ಪೈಥಾನ್ 2ರ ಬೆಂಬಲ ಮುಗಿದದ್ದೇ 2020ರ ಜನವರಿ 1ಕ್ಕೆ. ಟೆಸ್ಟ್‌ಗಳು 41 ಇದ್ದವು, ನೋಸ್ ಎಂಬ ಟೆಸ್ಟ್ ರನ್ನರ್‌ನಲ್ಲಿ. ಅದು ಪೈಥಾನ್ 3.10ರಿಂದ ಈಚೆಗೆ ಓಡುವುದಿಲ್ಲ.

ಚೆನ್ನಾಗಿದ್ದದ್ದು ಅಕ್ಷರಗಳ ಕೋಷ್ಟಕ. ಫೈಲಿನ ಯಾವ ಬೈಟಿಗೆ (0ರಿಂದ 255ರವರೆಗಿನ ಒಂದು ಸಂಖ್ಯೆ) ಯಾವ ಕನ್ನಡ ಅಕ್ಷರ ಎಂಬ ಪಟ್ಟಿ. ಯಾರೋ ಕೂತು ಒಂದೊಂದೇ ನೋಡಿ ಬರೆದಿದ್ದಾರೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆ ಕೋಷ್ಟಕಕ್ಕಾಗಿಯೇ, ಹೊಸದಾಗಿ ಬರೆಯುವುದು ಬೇಡ, ಇದನ್ನೇ ಎಬ್ಬಿಸೋಣ ಎಂದು ತೀರ್ಮಾನಿಸಿದೆ.

2. ಜೂನ್ 10ರಿಂದ 29: ಮೂಲ ಲೇಖಕರಿಗೆ ಬರೆದ ಪತ್ರ, ಎರಡು ಸಲ

ಆರ್ಕೈವ್ ಆದ ರೆಪೊದಲ್ಲಿ (ಕೋಡ್ ಇಟ್ಟ ಜಾಗ) ಹೊಸ ಇಶ್ಯೂ (ದೂರು, ಪ್ರಶ್ನೆ) ತೆರೆಯಲು ಆಗುವುದಿಲ್ಲ. ಬದಲಾವಣೆಗಳ ದಾಖಲೆಯಾದ ಗಿಟ್ ಲಾಗ್‌ನಲ್ಲಿ ಲೇಖಕರ ಇಮೇಲ್ ಇತ್ತು. ಮೊದಲ ಪತ್ರದಲ್ಲಿ ನಾನು ಲೈಬ್ರರಿಯಲ್ಲಿ ಕಂಡ ಹನ್ನೊಂದು ದೋಷಗಳನ್ನು ಪಟ್ಟಿ ಮಾಡಿ, ಪಾಸ್‌ವರ್ಡ್ ಹಸ್ತಾಂತರ ಯಾವಾಗ ಮಾಡುತ್ತೀರಿ ಎಂದು ಕೇಳಿದ್ದೆ. ಹತ್ತು ದಿನ ಉತ್ತರ ಬರಲಿಲ್ಲ. ಇದು ನನ್ನ ತಪ್ಪು. ಹತ್ತು ವರ್ಷದ ಹಿಂದೆ ರಾತ್ರಿ ಕೂತು ಸುಮ್ನೆ ಪ್ರೀತಿಯಿಂದ ಮಾಡಿಕೊಟ್ಟವರಿಗೆ, ಗುರುತಿಲ್ಲದವನೊಬ್ಬ ಹೀಗೆ ಬರೆಯಬಾರದಿತ್ತು.

ಎರಡನೇ ಪತ್ರ ಏಳು ಸಾಲು. ದೊಡ್ಡಪ್ಪನ ಡೈರಿಯ ವಿಷಯ ಬರೆದೆ, ಕೋಷ್ಟಕಕ್ಕೆ ಧನ್ಯವಾದ ಹೇಳಿದೆ, ಮುಂದುವರಿಸಲು ನಿಮ್ಮ ಒಪ್ಪಿಗೆ ಇದೆಯಾ ಎಂದಷ್ಟೇ ಕೇಳಿದೆ. ಮರುದಿನವೇ ಉತ್ತರ ಬಂತು. ಅವರ ಮೊದಲ ಪ್ರಶ್ನೆ: ನೀವು ಯಾರು, ನಿಮ್ಮನ್ನು ನಾನು ಹೇಗೆ ನಂಬಲಿ?

ಸರಿಯಾದ ಪ್ರಶ್ನೆ. 2018ರಲ್ಲಿ ಎನ್‌ಪಿಎಂನ (ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರ) ಈವೆಂಟ್-ಸ್ಟ್ರೀಮ್ ಲೈಬ್ರರಿಯನ್ನು ಲೇಖಕರು ಸಹಾಯ ಮಾಡಲು ಬಂದವರೊಬ್ಬರಿಗೆ ಒಪ್ಪಿಸಿದರು. ಬಂದವರು ಬಿಟ್‌ಕಾಯಿನ್ ಕದಿಯುವ ಕೋಡನ್ನು ಒಳಗೆ ತಂದರು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಶನ್ ಸಾಫ್ಟ್‌ವೇರಿನಲ್ಲಿ ಸಿಕ್ಕ ಹಿಂಬಾಗಿಲೂ ಹೀಗೇ. ಅದನ್ನು ಇಟ್ಟವರು ಒಳ್ಳೆಯ ಕೆಲಸ ಮಾಡಿ ಮೇಂಟೇನರ್ (ಕೋಡ್ ನೋಡಿಕೊಳ್ಳುವವರು) ಆಗಿ, ಎರಡು ವರ್ಷಕ್ಕೂ ಜಾಸ್ತಿ ನಂಬಿಕೆ ಗಳಿಸಿದ್ದವರು. ನಮ್ಮದು ಚಿಕ್ಕ ಲೈಬ್ರರಿ, ನಿಜ. ಆದರೆ ಕಚೇರಿಗಳ ಹಳೇ ಕಡತ ಬದಲಾಯಿಸುವ ಯಂತ್ರಗಳಲ್ಲಿ ಇದು ಕೂತಿದ್ದರೆ?

ಅವರ ಷರತ್ತು ಮೂರು. ಒಬ್ಬರ ಕೈಗೆ ಕೊಡುವುದಿಲ್ಲ, ಕನಿಷ್ಠ ಮೂವರು ಬೇಕು. ಮೊದಲು ಫೋರ್ಕ್‌ನಲ್ಲಿ (ರೆಪೊದ ನಮ್ಮದೇ ಪ್ರತಿ) ಕೆಲಸ ಮಾಡಿ ತೋರಿಸಬೇಕು, ಪ್ರತಿ ಬದಲಾವಣೆಯನ್ನೂ ಇನ್ನೊಬ್ಬರು ಓದಿರಬೇಕು. ಕನ್ನಡ ಚೆನ್ನಾಗಿ ಬಲ್ಲವರೊಬ್ಬರು ಫಲಿತಾಂಶ ನೋಡಬೇಕು.

ಕುಶಾಲನಗರದ ಗೆಳತಿಯೊಬ್ಬಳು ಪೈಥಾನ್ ಕೆಲಸದವಳು, ಒಪ್ಪಿದಳು. ಮೂರನೆಯವರು ಸೋಮವಾರಪೇಟೆಯ ನಿವೃತ್ತ ಕನ್ನಡ ಮೇಷ್ಟ್ರು. ಅವರಿಗೆ ಕೋಡ್ ಬರುವುದಿಲ್ಲ. ‘ನನಗೆ ಕಾಗದದಲ್ಲಿ ಕೊಡಪ್ಪ, ಕೆಂಪು ಪೆನ್ನಿನಲ್ಲಿ ತಿದ್ದಿ ಕೊಡ್ತೇನೆ’ ಎಂದರು. ಅವರನ್ನೂ ಮೇಂಟೇನರ್ ಎಂದೇ ಪಟ್ಟಿಗೆ ಹಾಕಿದೆವು. ಈ ಕೆಲಸದಲ್ಲಿ ನಾನು ತೆಗೆದುಕೊಂಡ ಅತಿ ಒಳ್ಳೆಯ ತೀರ್ಮಾನ ಅದು.

3. ಜೂನ್ 30ರಿಂದ ಜುಲೈ 9: ಹತ್ತು ದಿನ ಹಾಳಾದದ್ದು

ಮಳೆ ಹಿಡಿದಿತ್ತು, ತೋಟದಲ್ಲಿ ಕೆಲಸ ಇರಲಿಲ್ಲ. ಹುರುಪಿನಲ್ಲಿ ಕೋಡನ್ನೆಲ್ಲ ಚೊಕ್ಕ ಮಾಡಲು ಕೂತೆ. ಪೈಥಾನ್ 2ರ ಕೋಡನ್ನು 3ಕ್ಕೆ ತಿರುಗಿಸುವ ಟೂ-ಟು-ತ್ರೀ ಎಂಬ ಹಳೇ ಸಾಧನ ಹಾಕಿದೆ. ಅದು ಪೈಥಾನ್ 3.13ರಲ್ಲಿ ಇಲ್ಲ, 3.12ರಲ್ಲಿ ಇನ್ನೂ ಇದೆ. ಪ್ರಿಂಟ್, ಯೂನಿಸಿಎಚ್‌ಆರ್, ಎಕ್ಸ್‌ರೇಂಜ್ ಎಲ್ಲ ಸರಿಯಾದವು. ಅಲ್ಲಿಗೇ ನಿಲ್ಲಿಸಬೇಕಿತ್ತು. ಉದ್ದದ ಫಂಕ್ಷನ್‌ಗಳನ್ನು ಒಡೆದೆ, ಹೆಸರು ಬದಲಾಯಿಸಿದೆ, ಸ್ವರಚಿಹ್ನೆಗಳ ಪಟ್ಟಿಯನ್ನು ತೆಗೆದು, ಇಷ್ಟರಿಂದ ಇಷ್ಟರವರೆಗೆ ಎಂಬ ಒಂದು ರೇಂಜ್ ಬರೆದೆ.

41 ಟೆಸ್ಟ್‌ಗಳನ್ನು ಈಗಿನ ಟೆಸ್ಟ್ ರನ್ನರ್ ಪೈಟೆಸ್ಟ್‌ಗೆ ತಂದು ಓಡಿಸಿದರೆ ಎಲ್ಲ ಪಾಸ್. ಖುಷಿಯಿಂದ ಡೈರಿ ಹಾಕಿದೆ. ಆಗಸ್ಟ್ ತಿಂಗಳ ಪ್ರತಿ ಸಾಲೂ ಕೆಟ್ಟಿತ್ತು.

ಕಾರಣ ಇದು. ಹಳೇ ಫೈಲಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ. ‘ಆಗಸ್ಟ್’ ಎಂಬಲ್ಲಿ ಮೊದಲು ‘ಸ್’, ಆಮೇಲೆ ಕೆಳಗಿನ ಟ ಒತ್ತು. ಲೈಬ್ರರಿ ಒತ್ತು ಕಂಡಾಗ, ಹಿಂದಿನ ಅಕ್ಷರದ ಸ್ವರಚಿಹ್ನೆಯನ್ನು ಕಿತ್ತು, ಒತ್ತನ್ನು ಸೇರಿಸಿ, ಚಿಹ್ನೆಯನ್ನು ಕೊನೆಗೆ ಅಂಟಿಸಬೇಕು. ಹಲಂತವನ್ನೂ (‘ಸ್’ನಲ್ಲಿ ಸ್ವರ ತೆಗೆಯುವ ಗುರುತು) ಹಾಗೇ ಕಿತ್ತು ಅಂಟಿಸಬೇಕು. ಯುನಿಕೋಡಿನಲ್ಲಿ ಕನ್ನಡದ ಜಾಗ 3200ರಿಂದ 3327. ಅದರಲ್ಲಿ ಸ್ವರಚಿಹ್ನೆಗಳು 3262ರಿಂದ ಶುರು, ಹಲಂತ 3277. ನಾನು ರೇಂಜ್ 3262, 3277 ಎಂದು ಬರೆದಿದ್ದೆ. ಪೈಥಾನ್ ರೇಂಜ್ ಕೊನೆಯ ಸಂಖ್ಯೆಯನ್ನು ಸೇರಿಸುವುದಿಲ್ಲ. ಹಲಂತ ಹೊರಗುಳಿಯಿತು. ಸ ಆದ ಮೇಲೆ ಎರಡು ಹಲಂತ ಒಟ್ಟಿಗೆ ಕೂತವು, ಟ ಕಾರಕ್ಕೆ ಒಂದೂ ಇಲ್ಲ.

ಕೊಡವರ ಹಬ್ಬ ಕೈಲ್‌ಪೊಳ್ದ್‌ನ ಹೆಸರೂ ಅದೇ ಕಾರಣಕ್ಕೆ ಕೆಟ್ಟಿತು. ತಕ್ಕ್, ಪೊಳ್ದ್ ಥರ ಒತ್ತಿನ ಮೇಲೆ ಹಲಂತ ಬರುವ ಪದಗಳು ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆ) ಬಹಳ. ಹಳೇ 41 ಟೆಸ್ಟ್‌ಗಳಲ್ಲಿ ಅಂಥ ಒಂದು ಪದವೂ ಇರಲಿಲ್ಲ. ಲೇಖಕರ ಉದ್ದದ, ನೋಡಲು ಚೆಂದ ಇಲ್ಲದ ಪಟ್ಟಿಯಲ್ಲಿ ಮಾತ್ರ ಹಲಂತ ಸರಿಯಾಗಿ ಇತ್ತು.

ಹತ್ತು ದಿನದ ಕೆಲಸವನ್ನು ಪಕ್ಕದ ಬ್ರಾಂಚಿಗೆ ಎಸೆದು, ಮೂಲ ಕೋಡಿಗೆ ವಾಪಸ್ ಹೋದೆ.

4. ಜುಲೈ 10ರಿಂದ 16: ಹಳೇದನ್ನು ಹಳೇ ಮನೆಯಲ್ಲೇ ಓಡಿಸಿದ್ದು

ಈ ಹಂತವನ್ನು ಮೊದಲು ಮಾಡಬೇಕಿತ್ತು. ಹಳೇ ಪರಿಸರವನ್ನು ಪ್ರತ್ಯೇಕವಾಗಿ ಓಡಿಸುವ ಡಾಕರ್‌ನಲ್ಲಿ ಪೈಥಾನ್ 2.7ರ ಸ್ಲಿಮ್ ಇಮೇಜ್ ಇನ್ನೂ ಸಿಗುತ್ತದೆ. ಅದರೊಳಗೆ ಮೂಲ ಲೈಬ್ರರಿಯನ್ನು ಒಂದಕ್ಷರವೂ ತಿದ್ದದೆ ಹಾಕಿದೆ. ಡೈರಿಯಿಂದ 212 ಸಾಲು ಆರಿಸಿದೆ. ಪ್ರತಿ ತಿಂಗಳಿನಿಂದ ಕೆಲವು, ಊರಿನ ಹೆಸರು ಇರುವಂಥವು, ಕೊಡವ ಪದ ಇರುವಂಥವು, ಇಂಗ್ಲಿಷಿನಿಂದ ಬಂದ ಪದಗಳು. ಹಳೇ ಕೋಡ್ ಏನು ಕೊಟ್ಟಿತೋ ಅದನ್ನು ಹಾಗೇ ಫೈಲಿನಲ್ಲಿ ಇಟ್ಟೆವು. ಸರಿಯೋ ತಪ್ಪೋ, ಹಳೇ ಲೈಬ್ರರಿ ಏನು ಮಾಡುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಆ 212 ಸಾಲನ್ನು 14 ಪುಟ ಪ್ರಿಂಟ್ ತೆಗೆದು ಸೋಮವಾರಪೇಟೆಗೆ ಬಸ್ಸಿನಲ್ಲಿ ಒಯ್ದೆ. ಮೇಷ್ಟ್ರು ಮೂರು ದಿನ ಇಟ್ಟುಕೊಂಡು 31 ಸಾಲಿಗೆ ಕೆಂಪು ಹಾಕಿ ಕೊಟ್ಟರು. ಈಗ ನಮ್ಮ ಹತ್ತಿರ ಎರಡು ಕಟ್ಟು: ಹಳೇದರಂತೆಯೇ ಬರಬೇಕಾದ 181, ಹಳೇದಕ್ಕಿಂತ ಸರಿಯಾಗಿ ಬರಬೇಕಾದ 31.

5. ಜುಲೈ 17ರಿಂದ 28: ಮಾಯವಾದ ಗೆರೆ, ಜಾಸ್ತಿಯಾದ ದಿನಗಳು

ಪೈಥಾನ್ 2ರಲ್ಲಿ ಫೈಲ್ ಓದಿದರೆ ಬೈಟ್ ಬರುತ್ತಿತ್ತು, 3ರಲ್ಲಿ ಅಕ್ಷರ ಬರುತ್ತದೆ. ಯಾವ ಎನ್‌ಕೋಡಿಂಗ್ (ಬೈಟನ್ನು ಅಕ್ಷರ ಮಾಡುವ ನಿಯಮ) ಎಂದು ನಾವೇ ಹೇಳಬೇಕು. ನಾನು ಲ್ಯಾಟಿನ್-1 ಹಾಕಿದೆ. ಅದು ಎಂದೂ ಎರರ್ ಕೊಡುವುದಿಲ್ಲ, ಅದಕ್ಕೇ ಹಾಕಿದ್ದು. ಎರರ್ ಬರದಿರುವುದೇ ತೊಂದರೆ ಎಂದು ಆಮೇಲೆ ಗೊತ್ತಾಯಿತು.

ದೊಡ್ಡಪ್ಪ ವರ್ಡ್‌ನಲ್ಲಿ ಟೈಪ್ ಮಾಡಿ ಸಾದಾ ಟೆಕ್ಸ್ಟ್ ಆಗಿ ಉಳಿಸುತ್ತಿದ್ದರು. ಮಳೆ ಬಾರದ ದಿನಕ್ಕೆ ಒಂದು ಅಡ್ಡಗೆರೆ. ಊರಲ್ಲಿ ಇಲ್ಲದೆ ಅಳೆಯದ ದಿನಕ್ಕೆ ಖಾಲಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ? ವರ್ಡ್ ಆ ಗೆರೆಯನ್ನು ತಾನೇ ಉದ್ದ ಮಾಡಿಬಿಡುತ್ತದೆ. ವಿಂಡೋಸ್ 1252 ಎಂಬ ಎನ್‌ಕೋಡಿಂಗ್‌ನಲ್ಲಿ ಆ ಉದ್ದ ಗೆರೆ 150ನೇ ಬೈಟ್. ಲ್ಯಾಟಿನ್-1ರಲ್ಲಿ 150 ಎಂದರೆ ಕಣ್ಣಿಗೆ ಕಾಣದ ನಿಯಂತ್ರಣ ಅಕ್ಷರ. ಹೀಗಾಗಿ ಜನವರಿ ಪೂರ್ತಿ ಖಾಲಿ ಕಾಣಿಸಿತು. ಮಳೆಯೇ ಬರದ ತಿಂಗಳು, ಯಾರೂ ಅಳೆಯದ ತಿಂಗಳಾಗಿ ಕೂತಿತ್ತು.

ಸಾಲುಗಳನ್ನು ಎಣಿಸಿದಾಗ ಇನ್ನೊಂದು ಸಿಕ್ಕಿತು. 16 ವರ್ಷ, ಅದರಲ್ಲಿ ನಾಲ್ಕು ಲೀಪ್ ವರ್ಷ. ಒಟ್ಟು 5,844 ದಿನ ಇರಬೇಕು. ನನಗೆ 5,861 ಸಾಲು ಬಂದವು. ಹದಿನೇಳು ಜಾಸ್ತಿ. ವರ್ಡ್ ಮೂರು ಚುಕ್ಕೆಯನ್ನು ಒಂದೇ ಅಕ್ಷರ ಮಾಡುತ್ತದೆ, ಅದು 133ನೇ ಬೈಟ್. ಲ್ಯಾಟಿನ್-1ರಲ್ಲಿ 133 ಎಂದರೆ ‘ಮುಂದಿನ ಸಾಲು’. ಪೈಥಾನಿನ ಸ್ಪ್ಲಿಟ್‌ಲೈನ್ಸ್ ಅಲ್ಲಿ ಸಾಲನ್ನು ಕತ್ತರಿಸುತ್ತದೆ. ದೊಡ್ಡಪ್ಪ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಮೂರು ಚುಕ್ಕೆ ಇಟ್ಟ ಹದಿನೇಳು ಕಡೆಯೂ ಒಂದು ದಿನ ಎರಡು ದಿನವಾಗಿತ್ತು.

ವಿಂಡೋಸ್ 1252 ಹಾಕಿದೆ. ಗೆರೆ ಬಂತು, 5,844 ಸರಿಯಾಯಿತು. ಆದರೆ ಎರಡು ಫೈಲು ಎರರ್ ಕೊಟ್ಟು ನಿಂತವು. ಆ ಎನ್‌ಕೋಡಿಂಗ್‌ನಲ್ಲಿ 129, 141, 143, 144, 157 ಎಂಬ ಐದು ಬೈಟಿಗೆ ಅರ್ಥವೇ ಇಲ್ಲ. ನಮ್ಮಲ್ಲಿ ಇದ್ದದ್ದು 157, ಮೂರು ಕಡೆ. ಕೊನೆಗೆ ಮಾಡಿದ್ದು: 1252ರಲ್ಲೇ ಓದುವುದು, ಈ ಐದು ಬಂದರೆ ಹಾಗೇ ಉಳಿಸಿ, ಎಷ್ಟನೇ ಸಾಲಿನಲ್ಲಿ ಬಂತೆಂದು ಎಚ್ಚರಿಕೆ ಕೊಡುವುದು. ಸುಮ್ಮನೆ ನುಂಗುವುದು ಬೇಡ ಎಂದು ಮೂವರೂ ಒಪ್ಪಿದೆವು.

6. ಆಗಸ್ಟ್: ಮೇಷ್ಟ್ರ ಕೆಂಪು ಗುರುತುಗಳು

31ರಲ್ಲಿ 19 ಅರ್ಕಾವೊತ್ತಿನವು. ಅದು ಕಣ್ಣಿಗೆ ಅಕ್ಷರದ ಬಲಕ್ಕೆ ಕಾಣುತ್ತದೆ, ಉಚ್ಚಾರ ಮಾತ್ರ ಮೊದಲು. ಹಳೇ ಫೈಲಿನಲ್ಲಿ ಕ, ನಾ, ಅರ್ಕಾವೊತ್ತು, ಟ, ಕ ಎಂದಿರುತ್ತದೆ. ಬದಲಾಯಿಸುವಾಗ ಹಿಂದಕ್ಕೆ ಹೋಗದಿದ್ದರೆ ‘ಕನಾರ್ಟಕ’ ಆಗುತ್ತದೆ. ಮೂಲ ಲೇಖಕರು ಹಿಂದಕ್ಕೆ ಹೋಗಿದ್ದರು, ಆದರೆ ಒಂದೇ ವ್ಯಂಜನ. ಕರ್ನಾಟಕ, ಮಾರ್ಚ್, ವರ್ಷ ಸರಿ ಬಂದವು. ‘ಪಂಪಿನ ಸಾಮರ್ಥ್ಯ ಸಾಲದು’ ಎಂಬುದು ‘ಸಾಮಥ್ರ್ಯ’ ಆಯಿತು. ಒತ್ತುಗಳ ಇಡೀ ಗುಂಪನ್ನು ದಾಟಿ ಹಿಂದೆ ಹೋಗುವಂತೆ ಗೆಳತಿ ಬರೆದಳು, 14 ಸಾಲಿನ ತಿದ್ದುಪಡಿ. 19ಕ್ಕೆ 19 ಪಾಸ್.

ಎಂಟು ಸಾಲು ದೀರ್ಘದವು. ಫೈಲಿನಲ್ಲಿ ‘ನಿ’ ಮತ್ತು ದೀರ್ಘದ ಗುರುತು ಬೇರೆ ಬೇರೆ. ಅವು ಹಾಗೇ ಎರಡಾಗಿ ಉಳಿದರೂ ತೆರೆಯ ಮೇಲೆ ‘ನೀರು’ ಎಂದೇ ಕಾಣುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ಪ್ರಿಂಟಿನಲ್ಲಿ ಗೆರೆ ತುಸು ಆಚೀಚೆ ಬಿದ್ದದ್ದನ್ನು ಮೇಷ್ಟ್ರು ಹಿಡಿದರು! ಕೊನೆಯಲ್ಲಿ ಎನ್‌ಎಫ್‌ಸಿ ನಾರ್ಮಲೈಸೇಶನ್ ಒಂದು ಸಾಲು ಸೇರಿಸಿದೆವು, ಎರಡು ಸೇರಿ ಒಂದಾದವು.

ಉಳಿದ ನಾಲ್ಕು ‘ರ‍್ಯಾಲಿ’ ಥರದವು. ಇಲ್ಲಿ ರ ದೊಡ್ಡದಾಗಿ ನಿಂತು ಯ ಕೆಳಗೆ ಬರಬೇಕು. ಅದಕ್ಕೆ ರ ಮತ್ತು ಹಲಂತದ ಮಧ್ಯೆ 8205ನೇ ಅಕ್ಷರ, ಕಾಣದ ಜೋಡಕ, ಇಡಬೇಕು. ಇಟ್ಟರೆ ಹುಡುಕಾಟಕ್ಕೆ ತೊಡಕು ಎಂದು ಗೆಳತಿ, ಇಡದಿದ್ದರೆ ಬರೆದದ್ದು ಬರೆದಂತೆ ಉಳಿಯುವುದಿಲ್ಲ ಎಂದು ಮೇಷ್ಟ್ರು. ಎರಡು ಸಂಜೆ ಫೋನಿನಲ್ಲೇ ಮಾತಾಯಿತು. ಇಡುವುದನ್ನೇ ಮಾಮೂಲಿ ಮಾಡಿ, ಬೇಡ ಎನ್ನುವವರಿಗೆ ಒಂದು ಆಯ್ಕೆ ಕೊಟ್ಟೆವು. ಹೊಸ ಸೌಲಭ್ಯ ಎಂದು ನಾವು ಸೇರಿಸಿದ್ದು ಅದೊಂದೇ. ‘ಬರಹ’ ಎಂಬ ಇನ್ನೊಂದು ಫಾಂಟಿನ ಬೆಂಬಲ, ವರ್ಡ್ ಫೈಲನ್ನೇ ಓದುವುದು, ಇವಕ್ಕೆಲ್ಲ ಈಗ ಬೇಡ ಎಂದೆವು.

7. ಆಗಸ್ಟ್ 24ರಿಂದ ಸೆಪ್ಟೆಂಬರ್ 7: ಬೀಗದ ಕೈಗಳು

ಲೇಖಕರೊಡನೆ ವಿಡಿಯೋದಲ್ಲಿ ಒಂದೂವರೆ ಗಂಟೆ ಮಾತಾಡಿದೆವು. ಮೂವರ ಮುಖ ನೋಡಿದರು, ಬದಲಾವಣೆಗಳನ್ನು ಓದಿದ್ದರು. ಆರ್ಕೈವ್ ತೆಗೆದು ನಮ್ಮ ಗುಂಪಿನ ಖಾತೆಗೆ ರೆಪೊ ವರ್ಗಾಯಿಸಲು ಹೋದರೆ ಗಿಟ್‌ಹಬ್ ಒಪ್ಪಲಿಲ್ಲ. ಪಡೆಯುವ ಖಾತೆಯಲ್ಲಿ ಅದೇ ರೆಪೊದ ಫೋರ್ಕ್ ಇರಬಾರದು. ನಮ್ಮ ಎರಡು ತಿಂಗಳ ಕೆಲಸ ಇದ್ದದ್ದೇ ಆ ಫೋರ್ಕ್‌ನಲ್ಲಿ. ಮೂವರ ಪೈಕಿ ಇಬ್ಬರ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಪ್ರತಿ ಇದೆ ಎಂದು ಎರಡು ಸಲ ನೋಡಿಕೊಂಡು ಫೋರ್ಕ್ ಅಳಿಸಿದೆವು. ಆಮೇಲೆ ವರ್ಗಾವಣೆ ಆಯಿತು, ಹಳೇ ಇಶ್ಯೂಗಳೂ ಜೊತೆಗೇ ಬಂದವು. ಪುಲ್ ರಿಕ್ವೆಸ್ಟ್‌ಗಳಲ್ಲಿ (ಬದಲಾವಣೆ ಸೇರಿಸಲು ಕೇಳುವ ಕೋರಿಕೆ) ನಾವು ಬರೆದುಕೊಂಡಿದ್ದ ಚರ್ಚೆ ಮಾತ್ರ ಫೋರ್ಕ್ ಜೊತೆ ಹೋಯಿತು. ಅದನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕಿತ್ತು.

ಪೈಥಾನ್ ಲೈಬ್ರರಿಗಳನ್ನು ಹಂಚುವ ತಾಣ ಪೈಪಿಐನಲ್ಲಿ 2024ರಿಂದ ಎರಡು ಹಂತದ ಲಾಗಿನ್ ಕಡ್ಡಾಯ. ಲೇಖಕರು ವರ್ಷಗಳಿಂದ ಒಳಗೆ ಹೋಗಿರಲಿಲ್ಲ, ಅವರು ಅದನ್ನು ಹೊಂದಿಸಿ ನಮ್ಮಿಬ್ಬರನ್ನು ಓನರ್ ಮಾಡಲು ಒಂದು ವಾರ ಹಿಡಿಯಿತು. ಬಿಡುಗಡೆಗೆ ಟೋಕನ್ (ಗುಪ್ತ ಕೀಲಿ) ಇಟ್ಟುಕೊಳ್ಳಲಿಲ್ಲ, ಗಿಟ್‌ಹಬ್‌ನಿಂದಲೇ ನೇರ ಬಿಡುಗಡೆ ಮಾಡುವ ಟ್ರಸ್ಟೆಡ್ ಪಬ್ಲಿಷಿಂಗ್ ಹಾಕಿದೆವು. ಯಾರ ಲ್ಯಾಪ್‌ಟಾಪ್ ಕಳೆದುಹೋದರೂ ಅದರೊಳಗೆ ಕೀಲಿ ಇರುವುದಿಲ್ಲ. ರಿಕವರಿ ಕೋಡ್‌ಗಳನ್ನು ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿದೆವು. ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ.

ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ಲೈಸೆನ್ಸ್ ಫೈಲಿನಲ್ಲಿ ಲೇಖಕರ ಹೆಸರು ತೆಗೆದು ನಮ್ಮ ಗುಂಪಿನ ಹೆಸರು ಹಾಕಿದ್ದೆ. ಎಂಐಟಿ ಲೈಸೆನ್ಸಿನ ಒಂದೇ ಷರತ್ತು ಎಂದರೆ ಮೂಲ ಹಕ್ಕಿನ ಸಾಲನ್ನೂ ಅನುಮತಿಯ ಪಠ್ಯವನ್ನೂ ಉಳಿಸಬೇಕು ಎಂಬುದು. ಗೆಳತಿ ಹಿಡಿದಳು. ಅದೇ ದಿನ ಅವರ ಹೆಸರನ್ನು ಮೇಲೆ ಇಟ್ಟು, ನಮ್ಮದನ್ನು ಕೆಳಗೆ ಸೇರಿಸಿ, ಅವರಿಗೆ ಬರೆದು ಕ್ಷಮೆ ಕೇಳಿದೆ.

8. ಸೆಪ್ಟೆಂಬರ್ 14: ಬಿಡುಗಡೆ, ಮತ್ತೆ ಬಿಡುಗಡೆ

ಹಳೇದು 0.4.2. ನಾವು 0.5.0 ಬಿಟ್ಟೆವು. ನಮ್ಮಿಬ್ಬರಲ್ಲೂ ಸರಿಯಾಗಿ ಓಡಿತು. ಮೇಷ್ಟ್ರ ಮೊಮ್ಮಗಳು ಅವರ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಕೋಷ್ಟಕದ ಫೈಲ್ ಸಿಗಲಿಲ್ಲ ಎಂದಿತು. ಕೋಷ್ಟಕವನ್ನು ನಾವು ಬೇರೆ ಜೆಸನ್ ಫೈಲಿಗೆ ಹಾಕಿದ್ದೆವು, ಪ್ಯಾಕೇಜಿನೊಳಗೆ ಸೇರಿಸಲು ಹೇಳಿರಲಿಲ್ಲ. ನಮ್ಮ ಟೆಸ್ಟ್‌ಗಳು ರೆಪೊ ಫೋಲ್ಡರಿನಲ್ಲೇ ಓಡುತ್ತಿದ್ದುದರಿಂದ ಅದು ಗೊತ್ತಾಗಲಿಲ್ಲ. ಯಾವ ಕೋಷ್ಟಕಕ್ಕಾಗಿ ಈ ಲೈಬ್ರರಿಯನ್ನು ಎಬ್ಬಿಸಿದೆವೋ ಅದನ್ನೇ ಬಿಟ್ಟು ಕಳಿಸಿದ್ದೆವು.

ಸರಿಮಾಡಿ ಅದೇ ಸಂಖ್ಯೆಯಲ್ಲಿ ಮತ್ತೆ ಹಾಕೋಣ ಎಂದರೆ ಪೈಪಿಐ ಬಿಡುವುದಿಲ್ಲ. ಒಮ್ಮೆ ಹಾಕಿದ ಫೈಲಿನ ಹೆಸರನ್ನು ಅಳಿಸಿದರೂ ಮತ್ತೆ ಬಳಸುವಂತಿಲ್ಲ. 0.5.0ನ್ನು ಯಾಂಕ್ ಮಾಡಿ (ಯಾರೂ ಹೊಸದಾಗಿ ಹಾಕಿಕೊಳ್ಳದಂತೆ ಗುರುತು ಹಾಕಿ) ರಾತ್ರಿ 0.5.1 ಬಿಟ್ಟೆವು. ಮಧ್ಯೆ ಕರೆಂಟ್ ಹೋಯಿತು, ಕೊನೆಯ ಬಟನ್ ಒತ್ತಿದ್ದು ಕುಶಾಲನಗರದಿಂದ. ಈಗ ಪ್ರತಿ ಬಿಡುಗಡೆಗೆ ಮುಂಚೆ ವೀಲ್ ಫೈಲನ್ನು (ಇನ್‌ಸ್ಟಾಲ್‌ಗೆ ಕಟ್ಟಿದ ಪ್ಯಾಕೇಜ್) ಖಾಲಿ ಪರಿಸರದಲ್ಲಿ, ಬೇರೆ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಿ ಟೆಸ್ಟ್ ಓಡಿಸುವ ಹಂತ ಸೇರಿದೆ.

ಖರ್ಚು: ರೌಟರಿಗೆ ಪುಟ್ಟ ಬ್ಯಾಟರಿ ₹1,650, ಪ್ರಿಂಟ್ ₹28, ಲ್ಯಾಮಿನೇಶನ್ ₹90, ಬಸ್ಸು ಜೀಪು ₹340. ಒಟ್ಟು ₹2,108. ಬ್ಯಾಟರಿ ಇಲ್ಲದೆ ಜುಲೈ ದಾಟುತ್ತಿರಲಿಲ್ಲ.

9. ಅಕ್ಟೋಬರ್ 5: ಜಗುಲಿಯಲ್ಲಿ

16 ಫೈಲೂ ಯುನಿಕೋಡ್ ಆದವು. ದೊಡ್ಡಪ್ಪ ಮೊದಲು ಕೇಳಿದ್ದು 2018ರ ಆಗಸ್ಟ್. ಗುಡ್ಡ ಜರಿದ ವಾರ. ಫೋನ್ ಓದಿತು: ‘ರಸ್ತೆ ಇಲ್ಲ. ಕರೆಂಟ್ ಇಲ್ಲ. ಎಲ್ಲರೂ ಶಾಲೆಯಲ್ಲಿ.’ ಆಗಸ್ಟ್ ಎಂಬುದನ್ನು ಸರಿಯಾಗಿಯೇ ಓದಿತು. ಅವರು ಎರಡು ಸಲ ಅದೇ ಪುಟ ಹಾಕಿಸಿ ಕೇಳಿದರು. ಆಮೇಲೆ 2006ರ ಮಾರ್ಚ್‌ಗೆ ಹೋಗು ಎಂದರು.

ಅಲ್ಲಿ ಒಂದು ತೊಡಕು. 1.20 ಎಂದು ಬರೆದದ್ದನ್ನು ಫೋನ್ ‘ಒಂದು ಪಾಯಿಂಟ್ ಎರಡು ಸೊನ್ನೆ’ ಎಂದು ಓದುತ್ತದೆ. ‘ಅದೇನು ಮಗಾ, ಒಂದಿಂಚು ಇಪ್ಪತ್ತು ಸೆಂಟ್ ಅಂತ ಹೇಳ್ಲಿಕ್ಕೆ ಹೇಳು’ ಎಂದರು. ಅದು ಲೈಬ್ರರಿಗೆ ಸೇರಬೇಕಾದ್ದಲ್ಲ, ಡೈರಿಗೆ ಮಾತ್ರ ಬೇಕಾದ ಬೇರೆ ಸ್ಕ್ರಿಪ್ಟ್. ಅಳೆಯದ ದಿನದ ಖಾಲಿ ಜಾಗಕ್ಕೂ ಏನಾದರೂ ಹೇಳಬೇಕು. ಏನು ಹೇಳಲಿ ಎಂದು ಕೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, ‘ಊರಲ್ಲಿರಲಿಲ್ಲ ಅಂತ ಹಾಕು’ ಎಂದರು. ಆ ಸ್ಕ್ರಿಪ್ಟಿನ ಮೊದಲ ಟೆಸ್ಟ್ ಆಗಿ ಅದನ್ನೇ ಬರೆದಿದ್ದೇನೆ.